ದಿನ ಮೀರಿದ ಬಸುರು ಮತ್ತು ಮನೆಯ ಹೆರಿಗೆ: ಕಾಯುವುದೇ, ನೋವು ಬರಿಸುವುದೇ, ಆಸ್ಪತ್ರೆಗೆ ಹೋಗುವುದೇ?

ಮನೆಯಲ್ಲೇ ಹೆರಬೇಕೆಂದು ನಿಶ್ಚಯಿಸಿ ಸಿದ್ಧತೆಗಳನ್ನೆಲ್ಲ ಮುಗಿಸಿಕೊಂಡ ಗರ್ಭಿಣಿಗೆ, ಹೇಳಿದ ದಿನ ದಾಟಿಯೂ ನೋವು ಕಾಣಿಸದಿದ್ದಾಗ, ಸುತ್ತಲಿನವರಿಂದ ಎರಡು ಬಗೆಯ ಮಾತು ಕೇಳಿಬರುತ್ತದೆ. ಮಗು ಬರುವಾಗ ಬರುತ್ತದೆ, ಸುಮ್ಮನೆ ಕಾಯಿರಿ ಎನ್ನುವವರು ಕೆಲವರು. ಇನ್ನೊಂದು ದಿನವೂ ತಡಮಾಡದೆ ಆಸ್ಪತ್ರೆ ಸೇರಿ ಎನ್ನುವವರು ಹಲವರು. ಎರಡೂ ಮಾತುಗಳಲ್ಲಿ ವಾರದ ಲೆಕ್ಕವೇ ಬಿಟ್ಟುಹೋಗಿರುತ್ತದೆ. 40 ವಾರ ತುಂಬಿದ ಮರುದಿನ ಇರುವ ಅಪಾಯವೂ 42 ವಾರ ತುಂಬಿದ ದಿನ ಇರುವ ಅಪಾಯವೂ ಒಂದೇ ಅಲ್ಲವಾದ್ದರಿಂದ, ಮನೆ ಮೇಲೋ ಆಸ್ಪತ್ರೆ ಮೇಲೋ ಎಂದು ಒಮ್ಮೆಗೇ ತೀರ್ಮಾನಿಸುವುದರಲ್ಲಿ ಅರ್ಥವಿಲ್ಲ. ಯಾವ ದಿನದವರೆಗೆ ಮನೆ, ಯಾವ ತಪಾಸಣೆಗಳ ಆಧಾರದ ಮೇಲೆ ಮನೆ, ಯಾವ ದಿನದಿಂದ ಆಸ್ಪತ್ರೆ ಎಂಬುದನ್ನು ನೋವು ಶುರುವಾಗುವ ಮುಂಚೆಯೇ, ಮನಸ್ಸು ಶಾಂತವಾಗಿರುವಾಗಲೇ ಗೊತ್ತುಮಾಡಿಕೊಳ್ಳಬೇಕು. ಈ ಬರಹ ಆ ತೀರ್ಮಾನಕ್ಕೆ ನೆರವಾಗಲೆಂದು ಬರೆದದ್ದು. ನಿಮ್ಮನ್ನು ಪರೀಕ್ಷಿಸಿದ ಸೂಲಗಿತ್ತಿ ಅಥವಾ ವೈದ್ಯರ ಮಾತಿಗೆ ಇದು ಬದಲಿಯಲ್ಲ.

ಮೊದಲು ದಿನದ ಲೆಕ್ಕ

ಹೆರಿಗೆಯ ದಿನಾಂಕವನ್ನು ಸಾಮಾನ್ಯವಾಗಿ ಕೊನೆಯ ಮುಟ್ಟಿನ ಮೊದಲ ದಿನದಿಂದ 280 ದಿನ ಎಣಿಸಿ ಹೇಳುತ್ತಾರೆ. ಮುಟ್ಟಿನ ಚಕ್ರ 28 ದಿನಗಳದ್ದು, ಅಂಡ ಬಿಡುಗಡೆಯಾಗುವುದು ಹದಿನಾಲ್ಕನೆಯ ದಿನದ ಆಸುಪಾಸಿನಲ್ಲಿ ಎಂಬ ಊಹೆ ಈ ಎಣಿಕೆಯ ಹಿಂದಿದೆ. 35 ದಿನಕ್ಕೊಮ್ಮೆ ಮುಟ್ಟಾಗುವವರಿಗೆ ಗರ್ಭ ನಿಂತದ್ದೇ ಸುಮಾರು ಒಂದು ವಾರ ತಡವಾಗಿರುತ್ತದೆ. ಕಾಗದದ ಮೇಲೆ 41 ವಾರವೆಂದು ಕಂಡರೂ ಅವರ ಮಗುವಿಗೆ ನಿಜದಲ್ಲಿ 40 ವಾರವೇ ತುಂಬಿರಬಹುದು. ಆದ್ದರಿಂದ ಎಲ್ಲ ಆಯ್ಕೆಗಳಿಗಿಂತ ಮೊದಲು ನೋಡಬೇಕಾದದ್ದು, 14 ವಾರದೊಳಗೆ ಮಾಡಿಸಿದ ಸ್ಕ್ಯಾನ್ ಯಾವ ದಿನಾಂಕ ಹೇಳಿತ್ತು ಎಂಬುದನ್ನು. ಆ ಹಂತದ ಸ್ಕ್ಯಾನಿನಲ್ಲಿ ವ್ಯತ್ಯಾಸ ಕೆಲವೇ ದಿನಗಳದ್ದು. ಕೊನೆಯ ಮೂರು ತಿಂಗಳಲ್ಲಿ ಮೊದಲ ಬಾರಿಗೆ ಸ್ಕ್ಯಾನ್ ಮಾಡಿಸಿದರೆ ಲೆಕ್ಕ ಎರಡು ಮೂರು ವಾರ ಆಚೀಚೆ ಹೋಗಬಹುದು, ಏಕೆಂದರೆ ಅಷ್ಟು ಹೊತ್ತಿಗೆ ಮಗುವಿನ ಗಾತ್ರ ಅದರ ವಯಸ್ಸನ್ನಷ್ಟೇ ಅಲ್ಲದೆ ಅದರ ಬೆಳವಣಿಗೆಯ ವೇಗವನ್ನೂ ತೋರಿಸುತ್ತಿರುತ್ತದೆ. ಆರಂಭದ ಸ್ಕ್ಯಾನ್ ಇಲ್ಲದವರು, ಮುಟ್ಟಿನ ದಿನ ಸರಿಯಾಗಿ ನೆನಪಿಲ್ಲದವರು, ಮಗುವಿನ ನಿಜವಾದ ವಯಸ್ಸು ನಮ್ಮ ಲೆಕ್ಕಕ್ಕಿಂತ ಕಡಿಮೆ ಇದ್ದೀತೆಂದು ಸಮಾಧಾನ ಹೇಳಿಕೊಳ್ಳಬಾರದು. ಅದು ಹೆಚ್ಚೂ ಇರಬಹುದು.

ಹೇಳಿದ ದಿನದಂದೇ ಹುಟ್ಟುವ ಮಕ್ಕಳು ನೂರಕ್ಕೆ ನಾಲ್ಕೈದು ಮಾತ್ರ. 37 ವಾರದಿಂದ 42 ವಾರದವರೆಗಿನ ಅವಧಿಯನ್ನೆಲ್ಲ ದಿನ ತುಂಬಿದ ಹೆರಿಗೆಯ ಕಾಲವೆಂದೇ ವೈದ್ಯಶಾಸ್ತ್ರ ಎಣಿಸುತ್ತದೆ. 41 ವಾರ, ಅಂದರೆ 287 ದಿನ ತುಂಬಿದ ಮೇಲೆ ತಡವಾದ ಬಸುರು. 42 ವಾರ, ಅಂದರೆ 294 ದಿನ ತುಂಬಿದ ಮೇಲೆ ದಿನ ಮೀರಿದ ಬಸುರು. ಚೊಚ್ಚಲ ಬಸುರಿನಲ್ಲಿ, ಹಿಂದಿನ ಮಗುವೂ ತಡವಾಗಿಯೇ ಹುಟ್ಟಿದ್ದಾಗ, ತಾಯಿಯ ದೇಹತೂಕ ಹೆಚ್ಚಿದ್ದಾಗ ಹೀಗೆ ದಿನ ಮುಂದೆ ಹೋಗುವುದು ಹೆಚ್ಚು.

ವಾರ ಕಳೆದಂತೆ ಏನು ಬದಲಾಗುತ್ತದೆ

ಮಗುವಿಗೆ ಆಮ್ಲಜನಕ ಮತ್ತು ಆಹಾರ ಒದಗಿಸುವ ಮಾಸು ಕೊನೆಯ ವಾರಗಳಲ್ಲಿ ಕೆಲವರಲ್ಲಿ ಸೊರಗತೊಡಗುತ್ತದೆ. ಗರ್ಭನೀರು ಕಡಿಮೆಯಾಗುತ್ತದೆ, ಕಡಿಮೆಯಾದಷ್ಟೂ ನೋವಿನ ಸಮಯದಲ್ಲಿ ಹೊಕ್ಕುಳಬಳ್ಳಿ ಒತ್ತಿಹೋಗುವ ಸಂಭವ ಹೆಚ್ಚು. ಮಗು ಗರ್ಭದಲ್ಲೇ ಮೊದಲ ಮಲ ವಿಸರ್ಜಿಸುವುದು ಈ ವಾರಗಳಲ್ಲಿ ಹೆಚ್ಚಾಗಿ ಕಾಣುತ್ತದೆ, ಮಲ ಬೆರೆತ ಆ ಗರ್ಭನೀರು ಶ್ವಾಸಕೋಶ ಸೇರಿದರೆ ಹುಟ್ಟಿದ ಕೂಡಲೇ ಉಸಿರಾಟಕ್ಕೆ ತೊಂದರೆಯಾಗುತ್ತದೆ. ಇನ್ನು ಕೆಲವು ಮಕ್ಕಳು ಚೆನ್ನಾಗಿಯೇ ಬೆಳೆಯುತ್ತ ಹೋಗಿ, ತಲೆ ಹೊರಬಂದ ಮೇಲೆ ಭುಜ ಸಿಕ್ಕಿಕೊಳ್ಳುವ ಮಟ್ಟಿಗೆ ದೊಡ್ಡದಾಗುತ್ತವೆ. ತಾಯಿಗೆ ಹೆರಿಗೆಯ ನಂತರದ ರಕ್ತಸ್ರಾವದ ಭಯವೂ ತುಸು ಹೆಚ್ಚುತ್ತದೆ.

ಇದೆಲ್ಲದರ ಒಟ್ಟು ಪರಿಣಾಮವನ್ನು ಅಳೆಯಲು ಒಂದು ದೊಡ್ಡ ಅಧ್ಯಯನದ ಅಂಕಿಗಳಿವೆ. ಒಂದೂವರೆ ಕೋಟಿ ಬಸುರುಗಳ ಮಾಹಿತಿಯನ್ನು ಒಟ್ಟುಗೂಡಿಸಿ 2019ರಲ್ಲಿ ಪ್ರಕಟವಾದ ವಿಶ್ಲೇಷಣೆಯ ಪ್ರಕಾರ, 40 ವಾರಕ್ಕೆ ಹೆರಿಗೆಯಾಗುವ ಬದಲು 41 ವಾರದವರೆಗೆ ಬಸುರು ಮುಂದುವರಿದಾಗ, ಸುಮಾರು 1449 ಬಸುರುಗಳಲ್ಲಿ ಒಂದು ಮಗು ಹೆಚ್ಚಾಗಿ ಗರ್ಭದಲ್ಲೇ ತೀರಿಕೊಳ್ಳುತ್ತದೆ. 42 ವಾರದ ಹೊತ್ತಿಗೆ ಈ ಅಪಾಯ ಸಾವಿರಕ್ಕೆ ಸುಮಾರು 3ಕ್ಕೆ ಏರುತ್ತದೆ. ಈ ಅಂಕಿಯನ್ನು ಓದುವಾಗ ಎರಡೂ ಬದಿಯಿಂದ ನೋಡುವುದು ನ್ಯಾಯ. ಸಾವಿರಕ್ಕೆ 997 ಮಕ್ಕಳು 42 ವಾರದಲ್ಲೂ ಬದುಕಿಯೇ ಇರುತ್ತವೆ ಎಂಬುದು ಸತ್ಯ. ಉಳಿದ ಮೂರು ಮಕ್ಕಳಲ್ಲಿ ಹೆಚ್ಚಿನವು ಕೆಲವು ದಿನ ಮೊದಲು ಹುಟ್ಟಿದ್ದರೆ ಉಳಿಯುತ್ತಿದ್ದವು ಎಂಬುದೂ ಅಷ್ಟೇ ಸಂಭವನೀಯ. ಹೆದರಿಸಲು ಒಂದನ್ನು, ಸಮಾಧಾನಪಡಿಸಲು ಇನ್ನೊಂದನ್ನು ಮಾತ್ರ ಹೇಳುವವರ ಸಲಹೆಯನ್ನು ಪೂರ್ತಿ ನೆಚ್ಚಬೇಡಿ.

ಮನೆ ಎಂಬ ಆಯ್ಕೆ ಯಾರಿಗೆ ಉಳಿದಿರುತ್ತದೆ

ದಿನ ಮೀರಿದೆಯೋ ಇಲ್ಲವೋ ಎನ್ನುವುದಕ್ಕೂ ಮೊದಲು, ಹಿಂದೆ ಸಿಸೇರಿಯನ್ ಆದವರು, ಅವಳಿ ಮಕ್ಕಳಿರುವವರು, ಮಗು ತಲೆ ಕೆಳಗಾಗಿ ಇಲ್ಲದವರು, ರಕ್ತದೊತ್ತಡ ಅಥವಾ ಸಕ್ಕರೆ ಕಾಯಿಲೆ ಇರುವವರು, ಮಾಸು ಕೆಳಗೆ ಕೂತವರು, ಮಗುವಿನ ಬೆಳವಣಿಗೆ ಕುಂಠಿತವೆಂದು ತಿಳಿದವರು ಮನೆಯ ಹೆರಿಗೆಯ ಯೋಜನೆಯನ್ನು ಕೈಬಿಡಬೇಕು. ಇವರಲ್ಲಿ ಅನೇಕರು 41 ವಾರದವರೆಗೆ ಕಾಯುವುದೂ ಸರಿಯಲ್ಲ. 40 ವರ್ಷ ದಾಟಿದ ತಾಯಂದಿರಲ್ಲೂ ಕೊನೆಯ ವಾರಗಳ ಅಪಾಯ ಬೇಗ ಏರುವುದರಿಂದ ಅವರ ಲೆಕ್ಕವನ್ನು ಬೇರೆಯಾಗಿಯೇ ಹಾಕಬೇಕಾಗುತ್ತದೆ.

ಉಳಿದವರಿಗೆ, ಅಂದರೆ ಆರೋಗ್ಯವಾಗಿರುವ, ತೊಡಕಿಲ್ಲದ ಬಸುರಿನವರಿಗೆ, ಚೊಚ್ಚಲ ಹೆರಿಗೆಗೂ ಮುಂದಿನ ಹೆರಿಗೆಗಳಿಗೂ ಇರುವ ಅಂತರ ಬಹಳ ಮುಖ್ಯ. ಇಂಗ್ಲೆಂಡಿನಲ್ಲಿ 64,000ಕ್ಕೂ ಹೆಚ್ಚು ಕಡಿಮೆ ಅಪಾಯದ ಹೆರಿಗೆಗಳನ್ನು ಗಮನಿಸಿ 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಈಗಾಗಲೇ ಹೆತ್ತವರಿಗೆ ಮನೆಯಲ್ಲಿ ಯೋಜಿಸಿದ ಹೆರಿಗೆಗೂ ಆಸ್ಪತ್ರೆಯ ಹೆರಿಗೆಗೂ ಮಗುವಿನ ದೃಷ್ಟಿಯಿಂದ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಚೊಚ್ಚಲ ಹೆರಿಗೆಯಲ್ಲಿ ಮಾತ್ರ ಮಗುವಿಗೆ ಗಂಭೀರ ತೊಂದರೆಯಾಗುವುದು ಆಸ್ಪತ್ರೆಯಲ್ಲಿ ಸಾವಿರಕ್ಕೆ 5.3, ಮನೆಯಲ್ಲಿ 9.3 ಆಗಿತ್ತು. ಮನೆಯಲ್ಲಿ ಹೆರಲು ಯೋಜಿಸಿದ ಚೊಚ್ಚಲು ಗರ್ಭಿಣಿಯರಲ್ಲಿ ನೂರಕ್ಕೆ 45 ಮಂದಿಯನ್ನು ನೋವಿನ ಸಮಯದಲ್ಲೋ ಹೆರಿಗೆಯಾದ ಕೂಡಲೋ ಆಸ್ಪತ್ರೆಗೆ ಸಾಗಿಸಬೇಕಾಯಿತು. ಮೊದಲೇ ಹೆತ್ತವರಲ್ಲಿ ಇದು ನೂರಕ್ಕೆ 12. ಅಲ್ಲಿ ಮನೆಗೆ ಬರುವ ಸೂಲಗಿತ್ತಿಯರು ವ್ಯವಸ್ಥಿತ ತರಬೇತಿ ಪಡೆದವರು, ಆಸ್ಪತ್ರೆಯ ಜೊತೆ ನೇರ ಸಂಪರ್ಕವುಳ್ಳವರು ಎಂಬುದನ್ನು ಮರೆಯಬಾರದು. ಆ ಬೆಂಬಲವಿಲ್ಲದ ಮನೆಗೆ ಈ ಅಂಕಿಗಳು ಅನ್ವಯಿಸುವುದೇ ಇಲ್ಲ.

41 ವಾರದವರೆಗೆ

ಇಲ್ಲಿ ಹೆಚ್ಚು ಚರ್ಚೆ ಬೇಕಿಲ್ಲ. ತೊಡಕಿಲ್ಲದ ಬಸುರಿನಲ್ಲಿ ದಿನಾಂಕ ದಾಟಿದ ಮೊದಲ ವಾರವನ್ನು ಕಾಯುತ್ತ ಕಳೆಯುವುದು, ನೋವು ತಾನಾಗಿ ಬಂದರೆ ಮೊದಲು ಯೋಜಿಸಿದಂತೆ ಮನೆಯಲ್ಲೇ ಹೆರುವುದು ಸಮಂಜಸವಾದ ಆಯ್ಕೆ. ಮಗುವಿನ ಚಲನೆ ಎಂದಿನಂತಿರಬೇಕು, ತಾಯಿಯ ರಕ್ತದೊತ್ತಡ ಸರಿಯಿರಬೇಕು, ಸೂಲಗಿತ್ತಿ ಒಮ್ಮೆಯಾದರೂ ಬಂದು ನೋಡಿರಬೇಕು. ಇಷ್ಟಿದ್ದರೆ ಆತುರಕ್ಕೆ ಕಾರಣವಿಲ್ಲ.

41ರಿಂದ 42: ನಿಜವಾದ ಕವಲು

ವಿಶ್ವ ಆರೋಗ್ಯ ಸಂಸ್ಥೆ, 41 ವಾರ ಖಚಿತವಾಗಿ ತುಂಬಿದವರಿಗೆ ನೋವು ಬರಿಸುವುದನ್ನು ಶಿಫಾರಸು ಮಾಡುತ್ತದೆ. ನೆದರ್‌ಲ್ಯಾಂಡ್ಸಿನಲ್ಲಿ, ಮನೆಯ ಹೆರಿಗೆಗೆ ದೀರ್ಘ ಪರಂಪರೆಯಿರುವ ದೇಶದಲ್ಲಿ, 42 ವಾರ ತುಂಬಿದರೆ ಸೂಲಗಿತ್ತಿ ಗರ್ಭಿಣಿಯನ್ನು ತಜ್ಞ ವೈದ್ಯರಿಗೆ ಒಪ್ಪಿಸುತ್ತಾಳೆ. ಒಬ್ಬರ ಗೆರೆ 41, ಇನ್ನೊಬ್ಬರ ಗೆರೆ 42. ಈ ಏಳು ದಿನಗಳ ನಡುವೆಯೇ ನಿಮ್ಮ ನಿರ್ಧಾರ ಬೀಳುತ್ತದೆ.

ಈ ವಾರವನ್ನೇ ಗುರಿಯಾಗಿಟ್ಟುಕೊಂಡ ಎರಡು ಪ್ರಯೋಗಗಳ ಫಲಿತಾಂಶ 2019ರಲ್ಲಿ ಹೊರಬಂದಿತು. ಸ್ವೀಡನ್ನಿನಲ್ಲಿ 2,760 ಮಂದಿ ಗರ್ಭಿಣಿಯರನ್ನು ಎರಡು ಗುಂಪು ಮಾಡಿ, ಒಂದಕ್ಕೆ 41 ವಾರಕ್ಕೆ ನೋವು ಬರಿಸಿ, ಇನ್ನೊಂದನ್ನು 42 ವಾರದವರೆಗೆ ಕಾಯಿಸಿದರು. ಕಾದ ಗುಂಪಿನಲ್ಲಿ ಆರು ಮಕ್ಕಳು ತೀರಿಕೊಂಡವು, ನೋವು ಬರಿಸಿದ ಗುಂಪಿನಲ್ಲಿ ಒಂದೂ ಇಲ್ಲ. ಪ್ರಯೋಗವನ್ನು ಅರ್ಧಕ್ಕೇ ನಿಲ್ಲಿಸಬೇಕಾಯಿತು. ನೆದರ್‌ಲ್ಯಾಂಡ್ಸಿನಲ್ಲಿ 1,801 ಮಂದಿಯ ಮೇಲೆ ನಡೆದ ಪ್ರಯೋಗದಲ್ಲಿ ಮಗುವಿಗೆ ತೊಂದರೆಯಾಗುವುದು ನೋವು ಬರಿಸಿದವರಲ್ಲಿ ನೂರಕ್ಕೆ 1.7, ಕಾದವರಲ್ಲಿ 3.1 ಇತ್ತು. ಮರುವರ್ಷ ಇಂಥ ಪ್ರಯೋಗಗಳ ವಿವರಗಳನ್ನು ಒಟ್ಟುಗೂಡಿಸಿ ನೋಡಿದಾಗ, 41 ವಾರಕ್ಕೆ ನೋವು ಬರಿಸುವುದರ ಲಾಭ ಚೊಚ್ಚಲು ತಾಯಂದಿರಲ್ಲಿ ಸ್ಪಷ್ಟವಾಗಿ ಕಂಡಿತು. ಈಗಾಗಲೇ ಹೆತ್ತವರಲ್ಲಿ ಕೆಡುಕು ಎಷ್ಟು ವಿರಳವಾಗಿತ್ತೆಂದರೆ ಅಲ್ಲಿ ಲಾಭ ನಷ್ಟ ಎರಡನ್ನೂ ತೋರಿಸಲಾಗಲಿಲ್ಲ. ಸಿಸೇರಿಯನ್ ಪ್ರಮಾಣ ಎರಡೂ ಗುಂಪುಗಳಲ್ಲಿ ಹೆಚ್ಚುಕಡಿಮೆ ಒಂದೇ ಇತ್ತು.

ನನ್ನ ಅಭಿಪ್ರಾಯ ಈ ಸಂಗತಿಗಳಿಂದಲೇ ಮೂಡಿದ್ದು. ಇದು ಮೊದಲ ಹೆರಿಗೆಯಾದರೆ, 41 ವಾರ ತುಂಬಿದ ಒಂದೆರಡು ದಿನಗಳಲ್ಲಿ ಮನೆಯ ಯೋಜನೆಯನ್ನು ಬದಿಗಿಟ್ಟು ನೋವು ಬರಿಸಿಕೊಳ್ಳುವುದು ಒಳ್ಳೆಯದು: ಇಲ್ಲಿ ಕಾಯುವಿಕೆಯ ಅಪಾಯವೂ ಮನೆಯ ಹೆರಿಗೆಯ ಅಪಾಯವೂ ಒಂದರ ಮೇಲೊಂದು ಕೂಡಿಕೊಳ್ಳುತ್ತವೆ. ಹಿಂದೆ ಸುಲಭವಾಗಿ ಹೆತ್ತವರು, ದಿನಾಂಕ ಖಚಿತವಿರುವವರು, ಆಸ್ಪತ್ರೆ ಹತ್ತಿರವಿರುವವರು ಕೆಳಗೆ ಹೇಳಿದ ತಪಾಸಣೆಗಳೊಡನೆ ಇನ್ನು ಕೆಲವು ದಿನ ಮನೆಯ ಯೋಜನೆಯನ್ನು ಉಳಿಸಿಕೊಂಡರೆ ಅದನ್ನು ಅವಿವೇಕವೆನ್ನಲಾಗದು. ಇಬ್ಬರಲ್ಲಿ ಯಾರೇ ಆಗಲಿ, ತೀರ್ಮಾನ ಗರ್ಭಿಣಿಯದೇ. ಬೈದು, ಬೆದರಿಸಿ ಒಪ್ಪಿಸುವ ಹಕ್ಕು ಯಾರಿಗೂ ಇಲ್ಲ.

ಕಾಯುವುದಾದರೆ ಬರಿದೇ ಕಾಯುವಂತಿಲ್ಲ. ವಾರಕ್ಕೆ ಎರಡು ಬಾರಿಯಾದರೂ ಮಗುವಿನ ಎದೆಬಡಿತದ ದಾಖಲೆ ತೆಗೆಸಬೇಕು, ಸ್ಕ್ಯಾನಿನಲ್ಲಿ ಗರ್ಭನೀರಿನ ಆಳ ಅಳೆಸಬೇಕು. ನೀರಿನ ಅತಿ ಆಳದ ಜಾಗವೂ 2 ಸೆಂಟಿಮೀಟರಿಗಿಂತ ಕಡಿಮೆ ಬಂದರೆ ಕಾಯುವ ಆಯ್ಕೆ ಅಲ್ಲಿಗೆ ಮುಗಿಯಿತು. ಈ ತಪಾಸಣೆಗಳು ಆ ಹೊತ್ತಿನ ಸ್ಥಿತಿಯನ್ನಷ್ಟೇ ಹೇಳುತ್ತವೆ, ನಾಳೆಯ ಭರವಸೆ ಕೊಡುವುದಿಲ್ಲ ಎಂಬುದನ್ನೂ ಮನಸ್ಸಿನಲ್ಲಿಡಬೇಕು. ತಪಾಸಣೆಗಳ ನಡುವಿನ ದಿನಗಳಲ್ಲಿ ಎಲ್ಲಕ್ಕಿಂತ ನಂಬಬಹುದಾದ ಸೂಚನೆ ಮಗುವಿನ ಚಲನೆ. ದಿನ ತುಂಬಿದ ಮಗು ಜಾಗ ಸಾಲದೆ ಒದೆಯುವುದನ್ನು ಕಡಿಮೆ ಮಾಡುತ್ತದೆ ಎಂಬ ಮಾತು ಮನೆಮನೆಯಲ್ಲಿ ಕೇಳಿಬರುತ್ತದೆ, ಅದು ತಪ್ಪು. ಒದೆತದ ಬಗೆ ಬದಲಾಗಬಹುದು, ಕಡಿಮೆಯಾಗಬಾರದು. ಎಂದಿನ ಚಲನೆ ಕುಗ್ಗಿತೆಂದು ಅನಿಸಿದರೆ ರಾತ್ರಿಯಾದರೂ ಸರಿ, ಬೆಳಗಿನವರೆಗೆ ಕಾಯದೆ, ಸೂಲಗಿತ್ತಿ ಮನೆಗೆ ಬಂದು ಎದೆಬಡಿತ ಕೇಳಿಸಿಕೊಳ್ಳುವವರೆಗೂ ಕಾಯದೆ, ಆಸ್ಪತ್ರೆಗೆ ಹೋಗಬೇಕು.

ಮನೆಯಲ್ಲೇ ನೋವು ಬರಿಸುವ ಯತ್ನಗಳು

ಇವುಗಳಲ್ಲಿ ಗಟ್ಟಿ ಆಧಾರವಿರುವುದು ಒಂದಕ್ಕೆ: ಸೂಲಗಿತ್ತಿ ಅಥವಾ ವೈದ್ಯರು ಒಳಪರೀಕ್ಷೆ ಮಾಡುವಾಗ ಗರ್ಭಕಂಠದೊಳಗೆ ಬೆರಳಾಡಿಸಿ ನೀರಿನ ಚೀಲವನ್ನು ಗರ್ಭಕೋಶದ ಗೋಡೆಯಿಂದ ಬಿಡಿಸುವುದು. ಇದರಿಂದ ನೋವು ತಾನಾಗಿ ಶುರುವಾಗುವ ಸಾಧ್ಯತೆ ಹೆಚ್ಚುತ್ತದೆ, ಔಷಧ ಕೊಟ್ಟು ಬರಿಸಬೇಕಾದ ಸಂದರ್ಭ ಕಡಿಮೆಯಾಗುತ್ತದೆ. ಮಾಡಿಸಿಕೊಳ್ಳುವಾಗ ನೋಯುತ್ತದೆ, ಆಮೇಲೆ ಸ್ವಲ್ಪ ರಕ್ತದ ಕಲೆ ಮತ್ತು ಗೊತ್ತುಗುರಿಯಿಲ್ಲದ ಸೆಳೆತ ಕಾಣಿಸಬಹುದು. ಮಾಸು ಕೆಳಗಿರುವವರಿಗೆ ಇದನ್ನು ಮಾಡಬಾರದು. ಮನೆಯ ಹೆರಿಗೆಯನ್ನೇ ಬಯಸುವವರು 40 ವಾರದ ನಂತರ ಇದನ್ನು ಕೇಳಿ ಮಾಡಿಸಿಕೊಂಡರೆ 41ರ ಕವಲಿಗೆ ಬಾರದೆಯೇ ಹೆರಿಗೆಯಾಗುವ ಅವಕಾಶ ತುಸು ಹೆಚ್ಚು.

ಹರಳೆಣ್ಣೆ ಕುಡಿದರೆ ವಾಕರಿಕೆ, ಭೇದಿ ಖಂಡಿತ, ಹೆರಿಗೆ ಖಂಡಿತವಲ್ಲ. ಸುಸ್ತಾದ ದೇಹದಲ್ಲಿ ನೋವು ಶುರುವಾದರೆ ಅದೇ ಮತ್ತೊಂದು ತೊಡಕು. ಮೊಲೆತೊಟ್ಟಿನ ಪ್ರಚೋದನೆಯಿಂದ ಗರ್ಭಕಂಠ ಮೆತ್ತಗಾದವರಲ್ಲಿ ನೋವು ಬರುವುದುಂಟು, ಆದರೆ ಅದು ಗರ್ಭಕೋಶವನ್ನು ಬಲವಾಗಿ ಹಿಂಡುವುದೂ ಉಂಟು. ದಿನ ಮೀರಿದ ಮೇಲೆ ಮಗುವಿನ ಎದೆಬಡಿತ ನೋಡುವವರಿಲ್ಲದೆ ಅದನ್ನು ಮಾಡಬೇಡಿ. ಯಾರೋ ಕೊಟ್ಟ ಬೇರು, ಪುಡಿ, ಕಷಾಯಗಳಂತೂ ಬೇಡವೇ ಬೇಡ.

ಮನೆಯಲ್ಲಿ ನೋವು ಬರಿಸಲೆಂದು ಮಿಸೊಪ್ರೊಸ್ಟಾಲ್ ಮಾತ್ರೆಯನ್ನಾಗಲೀ ಆಕ್ಸಿಟೋಸಿನ್ ಚುಚ್ಚುಮದ್ದನ್ನಾಗಲೀ ಬಳಸುವುದು ಪ್ರಾಣಕ್ಕೆ ಕುತ್ತು ತರುವ ಕೆಲಸ. ಆಸ್ಪತ್ರೆಗಳಲ್ಲಿ ಮಿಸೊಪ್ರೊಸ್ಟಾಲನ್ನು 25 ಮೈಕ್ರೋಗ್ರಾಂನಷ್ಟು ಸಣ್ಣ ಪ್ರಮಾಣದಲ್ಲಿ, ಕಾವಲಿಟ್ಟು ಕೊಡುತ್ತಾರೆ. 200 ಮೈಕ್ರೋಗ್ರಾಂ ಮಾತ್ರೆಯನ್ನು ಚೂರು ಮಾಡಿ ಕೊಟ್ಟರೆ ಯಾರ ಹೊಟ್ಟೆಗೆ ಎಷ್ಟು ಹೋಯಿತೆಂದು ಹೇಳುವವರಿಲ್ಲ. ಬಿಡುವಿಲ್ಲದ ಹಿಂಡುವಿಕೆಗೆ ಮಗುವಿನ ಉಸಿರು ಕಟ್ಟಬಹುದು, ಗರ್ಭಕೋಶವೇ ಹರಿಯಬಹುದು. ಹೆರಿಗೆಯಾದ ನಂತರ ರಕ್ತಸ್ರಾವ ತಡೆಯಲು ಕೊಡುವ 10 ಯೂನಿಟ್ ಆಕ್ಸಿಟೋಸಿನ್ ಬೇರೆ ಮಾತು. ಅದು ಸೂಲಗಿತ್ತಿಯ ಚೀಲದಲ್ಲಿ ಇರಲೇಬೇಕು.

ಆಸ್ಪತ್ರೆಯಲ್ಲಿ ನೋವು ಬರಿಸಿಕೊಳ್ಳುವುದು

ಮೊದಲು ಗರ್ಭಕಂಠ ಎಷ್ಟು ಮೆತ್ತಗಾಗಿದೆ, ಎಷ್ಟು ತೆರೆದಿದೆ, ಮಗುವಿನ ತಲೆ ಎಷ್ಟು ಇಳಿದಿದೆ ಎಂದು ನೋಡಿ ಅಂಕ ಹಾಕುತ್ತಾರೆ. ಅದು ಇನ್ನೂ ಗಟ್ಟಿಯಾಗಿದ್ದರೆ ಜೆಲ್, ಮಾತ್ರೆ, ಅಥವಾ ಗರ್ಭಕಂಠದೊಳಗೆ ಇರಿಸಿ ನೀರು ತುಂಬಿಸುವ ಸಣ್ಣ ಬಲೂನಿನಿಂದ ಹದಗೊಳಿಸುತ್ತಾರೆ. ಬಲೂನಿನಲ್ಲಿ ಔಷಧವಿಲ್ಲದ್ದರಿಂದ ಗರ್ಭಕೋಶ ಅತಿಯಾಗಿ ಹಿಂಡುವ ಭಯ ಕಡಿಮೆ. ಔಷಧ ಕಡಿಮೆ ಬೇಕೆನ್ನುವವರು ಇದನ್ನು ಕೇಳಿ ನೋಡಬಹುದು. ನಂತರ ನೀರಿನ ಚೀಲ ಒಡೆದು, ಬೇಕಾದರೆ ಆಕ್ಸಿಟೋಸಿನ್ ಡ್ರಿಪ್ ಹಚ್ಚುತ್ತಾರೆ. ಚೊಚ್ಚಲು ಹೆರಿಗೆಯಲ್ಲಿ ಇದೆಲ್ಲ ಸೇರಿ ಒಂದು ದಿನವೋ ಅದಕ್ಕಿಂತ ಹೆಚ್ಚೋ ಹಿಡಿಯುವುದು ಸಹಜ. ಇದನ್ನು ಮೊದಲೇ ತಿಳಿದಿರದವರು ಹನ್ನೆರಡು ಗಂಟೆಯ ನಂತರ ಏನೋ ಕೆಟ್ಟಿತೆಂದು ಎದೆಗುಂದುತ್ತಾರೆ.

ನೋವು ಬರಿಸಿದರೆ ಸಿಸೇರಿಯನ್ ಖಂಡಿತ ಎಂಬ ನಂಬಿಕೆಗೆ ಆಧಾರವಿಲ್ಲ. 34 ಪ್ರಯೋಗಗಳನ್ನು, 21,000ಕ್ಕೂ ಹೆಚ್ಚು ಗರ್ಭಿಣಿಯರನ್ನು ಒಳಗೊಂಡ 2020ರ ಕೊಕ್ರೇನ್ ಪರಾಮರ್ಶೆಯಲ್ಲಿ (ವೈದ್ಯಕೀಯ ಪ್ರಯೋಗಗಳನ್ನು ಒಟ್ಟಾಗಿ ಪರಿಶೀಲಿಸುವ ಸಂಸ್ಥೆಯ ವರದಿಯಲ್ಲಿ), ಕಾದವರಿಗಿಂತ ನೋವು ಬರಿಸಿಕೊಂಡವರಲ್ಲಿ ಸಿಸೇರಿಯನ್ ತುಸು ಕಡಿಮೆಯೇ ಇತ್ತು. ಶಿಶುಮರಣ ಕಾದವರ ಗುಂಪಿನಲ್ಲಿ 25 ಇದ್ದರೆ ನೋವು ಬರಿಸಿಕೊಂಡವರ ಗುಂಪಿನಲ್ಲಿ 4. ಹಾಗೆಂದು ನೋವು ಬರಿಸಿಕೊಳ್ಳುವುದರಲ್ಲಿ ಕಳೆದುಕೊಳ್ಳುವುದೇನೂ ಇಲ್ಲವೆಂದಲ್ಲ. ಡ್ರಿಪ್ಪಿನ ನೋವು ಏಕಾಏಕಿ ಬಲವಾಗಿ ಬರುತ್ತದೆ, ಎದೆಬಡಿತ ನೋಡುವ ಯಂತ್ರ ಹೊಟ್ಟೆಗೆ ಕಟ್ಟಿಯೇ ಇರುತ್ತದೆ, ಮನೆಯಲ್ಲಿ ಬಯಸಿದ ಓಡಾಟ ಮತ್ತು ಏಕಾಂತ ಸಿಗುವುದಿಲ್ಲ. ಮನೆಯ ಹೆರಿಗೆಯ ಕನಸು ಕಂಡವರಿಗೆ ಇದು ಸಣ್ಣ ನಷ್ಟವಲ್ಲ, ಅದನ್ನು ಸಣ್ಣದೆಂದು ತಳ್ಳಿಹಾಕುವವರು ಹೆರುವವಳ ಮನಸ್ಸನ್ನು ಅರಿತವರಲ್ಲ. ಆದರೂ ಹಲವು ಸಂಗತಿಗಳನ್ನು ಆಸ್ಪತ್ರೆಯಲ್ಲೂ ಕೇಳಿ ಪಡೆಯಬಹುದು: ಜೊತೆಗೆ ತನ್ನವರೊಬ್ಬರು ಇರುವುದು, ಮಲಗದೆ ಕೂತು ಅಥವಾ ನಿಂತು ನೋವು ತಿನ್ನುವುದು, ತಂತಿಯಿಲ್ಲದ ಯಂತ್ರವಿದ್ದರೆ ಓಡಾಡುವುದು, ಹುಟ್ಟಿದ ಕೂಡಲೇ ಮಗುವನ್ನು ಎದೆಯ ಮೇಲೆ ಹಾಕಿಸಿಕೊಳ್ಳುವುದು, ಹೊಕ್ಕುಳಬಳ್ಳಿಯನ್ನು ತುಸು ತಡೆದು ಕತ್ತರಿಸುವುದು. ಇವನ್ನು ಒಂದು ಹಾಳೆಯಲ್ಲಿ ಬರೆದು ಮುಂಚಿತವಾಗಿ ಕೊಟ್ಟಿರಿ.

ಮನೆಗೂ ಆಸ್ಪತ್ರೆಗೂ ನಡುವಿನ ಇನ್ನೊಂದು ಜಾಗವೆಂದರೆ, ಆಸ್ಪತ್ರೆಯ ಆವರಣದಲ್ಲೇ ಸೂಲಗಿತ್ತಿಯರು ನಡೆಸುವ ಹೆರಿಗೆ ಕೇಂದ್ರ. ಅದು ಸಿಗುವ ಕಡೆ, 41 ದಾಟಿದ ಮೇಲೆ ನೋವು ತಾನಾಗಿ ಬಂದವರಿಗೆ ಇದು ಮನೆಗಿಂತ ಒಳ್ಳೆಯ ಆಯ್ಕೆ. ಶಸ್ತ್ರಚಿಕಿತ್ಸೆಯ ಕೋಣೆ ಪಕ್ಕದಲ್ಲೇ ಇರುತ್ತದೆ. ಯಾವ ವಾರದವರೆಗೆ ಸೇರಿಸಿಕೊಳ್ಳುತ್ತಾರೆಂದು ಮೊದಲೇ ಕೇಳಿರಬೇಕು.

42 ದಾಟಿದ ಮೇಲೆ ಮನೆಯಲ್ಲಿ ಹೆರುವುದನ್ನು ನಾನು ಯಾರಿಗೂ ಸೂಚಿಸಲಾರೆ. ನೋವು ತಾನಾಗಿಯೇ ಬಂದರೂ ಆ ಹಂತದಲ್ಲಿ ಮಗುವಿನ ಎದೆಬಡಿತವನ್ನು ನಿರಂತರವಾಗಿ ಗಮನಿಸಬೇಕಾಗುತ್ತದೆ, ಅದು ಮನೆಯಲ್ಲಿ ಆಗದ ಮಾತು. ಆ ದಿನ ಬಂದೂ ನೋವು ಬರಿಸಿಕೊಳ್ಳಲು ಒಪ್ಪದವರು ಕೊನೆಯಪಕ್ಷ ಮೇಲೆ ಹೇಳಿದ ತಪಾಸಣೆಗಳನ್ನಾದರೂ ಬಿಡದೆ ಮಾಡಿಸಿಕೊಳ್ಳಬೇಕು.

41 ದಾಟಿಯೂ ಮನೆಯನ್ನೇ ಆರಿಸಿದರೆ

ಹೆರಿಗೆಯ ಹೊತ್ತಿಗೆ ತರಬೇತಿ ಪಡೆದ ಇಬ್ಬರು ಇರಬೇಕು, ತಾಯಿಗೆ ಒಬ್ಬರು, ಮಗುವಿಗೆ ಒಬ್ಬರು. ಹತ್ತು ಶಿಶುಗಳಲ್ಲಿ ಒಂದಕ್ಕೆ ಹುಟ್ಟಿದಾಗ ಉಸಿರಾಡಲು ಏನಾದರೂ ನೆರವು ಬೇಕಾಗುತ್ತದೆ. ಮುಖಕ್ಕೆ ಹಿಡಿದು ಗಾಳಿ ಒತ್ತುವ ಚೀಲ ಮತ್ತು ಮುಖವಾಡ ಕೈಗೆಟಕುವಲ್ಲಿರಬೇಕು, ಅದನ್ನು ಬಳಸಿ ರೂಢಿಯಿರುವವರು ಅಲ್ಲಿರಬೇಕು. ನೋವಿನ ಸಮಯದಲ್ಲಿ ಎದೆಬಡಿತವನ್ನು 15 ನಿಮಿಷಕ್ಕೊಮ್ಮೆ, ಮುಕ್ಕುವ ಹಂತದಲ್ಲಿ 5 ನಿಮಿಷಕ್ಕೊಮ್ಮೆ, ನೋವು ಇಳಿದ ಕೂಡಲೇ ಪೂರ್ತಿ ಒಂದು ನಿಮಿಷ ಕೇಳಬೇಕು. ಇಷ್ಟು ಸಾಧ್ಯವೇ ಎಂದು ಸೂಲಗಿತ್ತಿಯನ್ನು ನೇರವಾಗಿ ಕೇಳಿ. ಭುಜ ಸಿಕ್ಕಿಕೊಂಡರೆ ಏನು ಮಾಡುತ್ತೀರಿ, ಹೆಚ್ಚು ರಕ್ತ ಹೋದರೆ ಏನು ಮಾಡುತ್ತೀರಿ ಎಂದೂ ಕೇಳಿ. ಅನುಭವವುಳ್ಳವರು ಈ ಪ್ರಶ್ನೆಗಳಿಗೆ ಬೇಸರಿಸುವುದಿಲ್ಲ.

ಯಾವ ಆಸ್ಪತ್ರೆಗೆ, ಯಾವ ವಾಹನದಲ್ಲಿ, ಮೆಟ್ಟಿಲಿದ್ದರೆ ಹೇಗೆ ಇಳಿಸುವುದು, ನಡುರಾತ್ರಿ ಎಷ್ಟು ಹೊತ್ತು ಹಿಡಿಯುತ್ತದೆ ಎಂಬುದು ಗೊತ್ತಿರಲಿ. ಸ್ಕ್ಯಾನ್ ವರದಿ, ರಕ್ತದ ಗುಂಪಿನ ಚೀಟಿ ಬಾಗಿಲ ಬಳಿಯ ಚೀಲದಲ್ಲಿರಲಿ. ಆಸ್ಪತ್ರೆಯವರಿಗೆ ನಿಮ್ಮ ಹೆಸರು, ವಾರ ಮುಂಚೆಯೇ ತಿಳಿದಿರಲಿ. ನೀರು ಹಸಿರು ಅಥವಾ ಕಂದು ಬಣ್ಣಕ್ಕಿದ್ದರೆ, ರಕ್ತ ಹೋದರೆ, ಜ್ವರ ಬಂದರೆ, ಎದೆಬಡಿತ ಏರುಪೇರಾದರೆ, ನೀರೊಡೆದು 24 ಗಂಟೆಯಾದರೂ ನೋವು ಬಾರದಿದ್ದರೆ, ನೋವು ಬಂದೂ ಹೆರಿಗೆ ಮುಂದೆ ಸಾಗದಿದ್ದರೆ ಹೊರಡಬೇಕು. ದಿನ ಮೀರಿದ ಬಸುರಿನಲ್ಲಿ ಇನ್ನರ್ಧ ಗಂಟೆ ನೋಡೋಣ ಎನ್ನುವ ಅವಕಾಶ ಕಡಿಮೆ. ಹೊರಡುವ ಮಾತನ್ನು ಸೂಲಗಿತ್ತಿ ಆಡಿದ ಮೇಲೆ ಮನೆಯವರಾರೂ ಚರ್ಚೆಗೆ ನಿಲ್ಲುವುದಿಲ್ಲವೆಂದು ಮೊದಲೇ ಎಲ್ಲರಿಂದ ಒಪ್ಪಿಗೆ ಪಡೆದಿರಿ.